ಹೊಲದ ಕಳೆ, ಊರಾಚೆಯ ಲಾನ್: ಗರಿಕೆಯ ಕತೆ

ಹೊಲದಲ್ಲಿ ಗರಿಕೆ ಹಬ್ಬಿದರೆ ರೈತರಿಗೆ ತಲೆನೋವು. ಕುಂಟೆ ಹೊಡೆದರೆ ತುಂಡಾಗುತ್ತದೆ, ಒಂದೊಂದು ತುಂಡೂ ಮತ್ತೆ ಚಿಗುರುತ್ತದೆ. ಅದೇ ಗರಿಕೆಯನ್ನು ಸಗಣಿ ಉಂಡೆಗೆ ಸಿಕ್ಕಿಸಿದರೆ ಬೆನಕ. ಉತ್ತರ ಕರ್ನಾಟಕದವರು ಕರಕಿ ಎನ್ನುವ ಈ ಹುಲ್ಲು ಒಂದು ಕಡೆ ಬೈಸಿಕೊಳ್ಳುತ್ತದೆ, ಇನ್ನೊಂದು ಕಡೆ ಪೂಜೆ ಮಾಡಿಸಿಕೊಳ್ಳುತ್ತದೆ. ಇದಕ್ಕೆ ಮೂರನೆಯ ಬದುಕೂ ಇದೆ. ಬಿಸಿಲ ನಾಡುಗಳ ಎಷ್ಟೋ ಲಾನ್‌ಗಳು, ಆಟದ ಮೈದಾನಗಳು ಇದನ್ನೇ ನಂಬಿಕೊಂಡಿವೆ.

ಲಾನ್ ನಮ್ಮ ಕಡೆ ಹುಟ್ಟಿದ್ದಲ್ಲ. ನಮ್ಮವರು ಮನೆ ಮುಂದೆ ಅಂಗಳ ಬಿಟ್ಟರು, ಸಗಣಿ ಸಾರಿಸಿದರು, ಅಲ್ಲೇ ಕಾಳು ಒಣಗಿಸಿದರು. ಹುಲ್ಲು ಇದ್ದದ್ದು ಗೋಮಾಳದಲ್ಲಿ. ಇಂಗ್ಲೆಂಡಿನ ಕತೆ ಬೇರೆ. ಅಲ್ಲಿ ತಂಪು ಹವೆ, ವರ್ಷವಿಡೀ ಆಗಾಗ ಮಳೆ. ಹುಲ್ಲಿಗೆ ಯಾರೂ ನೀರು ಹೊರಬೇಕಿರಲಿಲ್ಲ. ಅಲ್ಲಿನ ಜಮೀನ್ದಾರರು ಬಂಗಲೆ ಸುತ್ತ ಏನೂ ಬೆಳೆಯದೆ ಬರೀ ಹುಲ್ಲು ಬಿಟ್ಟರು. ಇಷ್ಟು ನೆಲವನ್ನು ಉಳದೆ ಬಿಟ್ಟರೂ ನಮಗೇನೂ ಕೊರತೆಯಿಲ್ಲ ಎಂದು ತೋರಿಸುವ ದೌಲತ್ತು ಅದು. ಹುಲ್ಲನ್ನು ಕುರಿಗಳು ಮೇಯುತ್ತಿದ್ದವು, ಇಲ್ಲವೇ ಆಳುಗಳು ಉದ್ದ ಕುಡುಗೋಲಿನಿಂದ ಕೊಯ್ಯುತ್ತಿದ್ದರು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ, ಗಿರಣಿಯಲ್ಲಿ ಬಟ್ಟೆಯ ಮೇಲಿನ ಎಳೆಗಳನ್ನು ಸಮ ಮಾಡುವ ಯಂತ್ರ ನೋಡಿ ಹುಲ್ಲು ಕತ್ತರಿಸುವ ಯಂತ್ರ ಮಾಡಿದ. ಆಮೇಲೆ ಸಣ್ಣ ಮನೆಗಳವರೂ ಲಾನ್ ಇಟ್ಟುಕೊಂಡರು.

ಬ್ರಿಟಿಷರು ಈ ಆಸೆಯನ್ನು ಭಾರತಕ್ಕೂ ತಂದರು. ಆದರೆ ಅವರ ಊರಿನ ರೈ, ಫೆಸ್ಕ್ಯೂ ಹುಲ್ಲುಗಳಿಗೆ ಹಿತವಾಗುವುದು 15ರಿಂದ 24 ಡಿಗ್ರಿಯ ಹವೆ. ನಮ್ಮ ಏಪ್ರಿಲ್ ಬಿಸಿಲಿಗೆ ಅವು ಸುಟ್ಟುಹೋಗುತ್ತವೆ. ಗರಿಕೆಗೆ 30 ಡಿಗ್ರಿ ದಾಟಿದರೇ ಹುರುಪು. ನೆಲದ ಮೇಲೆ ಬಳ್ಳಿಯಂತೆ ಹರಿದು ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ, ನೆಲದೊಳಗೂ ಕಾಂಡ ಹಬ್ಬಿಸುತ್ತದೆ. ಮೇಲೆ ಒಣಗಿದರೂ ಒಳಗೆ ಜೀವ ಹಿಡಿದಿರುತ್ತದೆ. ಹಾಗಾಗಿ ಬಂಗಲೆಗಳ ಮುಂದೆ, ಗಾಲ್ಫ್ ಮೈದಾನಗಳಲ್ಲಿ ಗರಿಕೆಯೇ ಗತಿಯಾಯಿತು. ಹಿಂದಿಯವರು ಇದನ್ನು ದೂಬ್ ಎನ್ನುವುದರಿಂದ ಇಂಗ್ಲಿಷರ ಬಾಯಲ್ಲೂ ಅದು ದೂಬ್ ಹುಲ್ಲಾಯಿತು.

ಕಳೆ ಎಂದು ಬೈಸಿಕೊಳ್ಳುವುದು ಇಲ್ಲಷ್ಟೇ ಅಲ್ಲ. ಅಮೆರಿಕದಲ್ಲಿ ಇದರ ಹೆಸರು ಬರ್ಮುಡಾ ಹುಲ್ಲು. ಅಲ್ಲಿನ ಜಾರ್ಜಿಯಾ ರಾಜ್ಯದ ಹತ್ತಿ ಬೆಳೆಗಾರರಿಗೂ ಇದು ಶನಿ. ಆ ರಾಜ್ಯದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರಕ್ಕೆ 1936ರಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಬಂದರು. ಹತ್ತಿ ಹೊಲದಲ್ಲಿ ಸಿಕ್ಕ ಚೆನ್ನಾಗಿ ಬೆಳೆಯುವ ಗರಿಕೆಯನ್ನು ದಕ್ಷಿಣ ಆಫ್ರಿಕಾದ ಗರಿಕೆ ಜೊತೆ ಕೂಡಿಸಿ ದನಗಳಿಗೆ ಮೇವಿನ ತಳಿ ಮಾಡಿದರು. ಆಮೇಲೆ ಲಾನ್ ತಳಿಗಳ ಕಡೆ ತಿರುಗಿದರು. ಅವರ ಕೇಂದ್ರ 1960ರಲ್ಲಿ ಬಿಡುಗಡೆ ಮಾಡಿದ ಟಿಫ್‌ವೇ ಇಂದಿಗೂ ಬಿಸಿಲ ನಾಡುಗಳ ಮೈದಾನಗಳಲ್ಲಿದೆ.

ಇದೇ ಬರ್ಟನ್ ನಮ್ಮ ಹೊಲಕ್ಕೂ ನೆಂಟರು. ಸಜ್ಜೆಯಲ್ಲಿ ಅವರು ಪರಾಗ ಬಿಡದ ಒಂದು ತಾಯಿ ತಳಿ ಬೆಳೆಸಿದ್ದರು. ಭಾರತದ ಮೊದಲ ಹೈಬ್ರಿಡ್ ಸಜ್ಜೆ, 1965ರ ಎಚ್‌ಬಿ-1, ಬಂದದ್ದು ಆ ತಾಯಿಯಿಂದ.

ಈ ಕತೆ ಈಗ ಹೇಳುವುದಕ್ಕೆ ಕಾರಣವಿದೆ. ಲಾನ್ ಹಳ್ಳಿಗಳಿಗೂ ಬರುತ್ತಿದೆ. ಕಲ್ಯಾಣ ಮಂಟಪ, ಶಾಲೆ, ಪಂಚಾಯ್ತಿ ಕಟ್ಟಡ, ಹೊಸ ಮನೆ, ಎಲ್ಲದರ ಮುಂದೂ ವರ್ಷವಿಡೀ ಹಸಿರಿರಬೇಕು ಎಂಬ ಆಸೆ. ಲೆಕ್ಕ ನೋಡಿ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್‌ನಷ್ಟು ನೀರುಣಿಸಿದರೆ 500 ಲೀಟರ್ ಮುಗಿಯಿತು. ಜಲಜೀವನ್ ಯೋಜನೆ ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತುಮಾಡಿರುವುದು 55 ಲೀಟರ್. ಅಂದರೆ ಒಂದು ಗುಂಟೆ ಹಸಿರು ಒಂಬತ್ತು ಜನರ ಪಾಲಿನ ನೀರು ಕುಡಿಯುತ್ತದೆ.

ಹುಲ್ಲೇ ಬೇಡ ಎಂದು ನಾವು ಹೇಳುತ್ತಿಲ್ಲ. ಶಾಲೆ ಮೈದಾನದಲ್ಲಿ ಹುಲ್ಲಿದ್ದರೆ ದೂಳು ಏಳುವುದಿಲ್ಲ, ಮಣ್ಣು ಕೊಚ್ಚಿಹೋಗುವುದಿಲ್ಲ, ಬಿದ್ದ ಮಕ್ಕಳ ಮೊಣಕಾಲು ಉಳಿಯುತ್ತದೆ. ಅದಕ್ಕೆ ಗರಿಕೆ ಸಾಕು, ದುಡ್ಡು ಕೊಡಬೇಕಿಲ್ಲ. ಮುಂಗಾರು ಹಿಡಿದ ಮೇಲೆ, ಬದುವಿನಿಂದ ಕಿತ್ತ ಬಳ್ಳಿಯನ್ನು ಎರಡು ಮೂರು ಗೆಣ್ಣಿನ ತುಂಡು ಮಾಡಿ, ಸಡಿಲ ಮಾಡಿದ ಮಣ್ಣಿನಲ್ಲಿ ನಾಲ್ಕು ಬೆರಳು ಅಂತರದಲ್ಲಿ ಊರಿ. ಮಳೆ ಕೈಕೊಟ್ಟರೆ ಬೇರು ಹಿಡಿಯುವವರೆಗೆ ಮಾತ್ರ ನೀರು ಕೊಡಿ. ಬಿಸಿಲು ಬೀಳುವ ಜಾಗವೇ ಆಗಬೇಕು, ಮರದ ನೆರಳಲ್ಲಿ ಗರಿಕೆ ಸೊರಗುತ್ತದೆ. ತೀರಾ ಬುಡಕ್ಕೆ ಕತ್ತರಿಸಬೇಡಿ. ಕೊಯ್ದದ್ದು ದನಕ್ಕೆ ಮೇವು. ಪಕ್ಕದಲ್ಲಿ ಹೊಲವಿದ್ದರೆ ನಡುವೆ ಕಲ್ಲುಚಪ್ಪಡಿ ಹೂಳಿ, ಇಲ್ಲದಿದ್ದರೆ ಅದು ಹೊಲಕ್ಕೆ ನುಗ್ಗುತ್ತದೆ.

ಮಾರ್ಚ್ ಬಂದಾಗ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ತಿರುಗಲಿ ಬಿಡಿ. ಹಸಿರಾಗಿಯೇ ಇರಬೇಕೆಂಬ ಹಟ ಮಳೆ ಬಿಡದ ದೇಶದ್ದು. ಇಲ್ಲಿ ಮೊದಲ ಮಳೆ ಬಿದ್ದ ವಾರದಲ್ಲಿ ಗರಿಕೆ ತಾನಾಗಿ ಏಳುತ್ತದೆ.