ಪೊರೆಯೊಳಗೆ ಅಡಗಿದ್ದ ಕಿಣ್ವಗಳು: ಲೈಸೋಸೋಮಿನ ಇತಿಹಾಸ

ಬೆಲ್ಜಿಯಂನ ಲೂವೇನ್ ವಿಶ್ವವಿದ್ಯಾಲಯದಲ್ಲಿ ಕ್ರಿಶ್ಚಿಯನ್ ಡಿ ಡ್ಯೂವ್ ಮತ್ತು ಅವರ ಸಂಗಡಿಗರು 1949ರಲ್ಲಿ ನಡೆಸುತ್ತಿದ್ದ ಸಂಶೋಧನೆಯ ಗುರಿ ಇನ್ಸುಲಿನ್ ಯಕೃತ್ತಿನ ಮೇಲೆ ಬೀರುವ ಪರಿಣಾಮವನ್ನು ಅರಿಯುವುದಾಗಿತ್ತೇ ಹೊರತು ಜೀವಕೋಶದೊಳಗೆ ಹೊಸದೊಂದು ಅಂಗಕವನ್ನು ಹುಡುಕುವುದಾಗಿರಲಿಲ್ಲ. ಇಲಿಯ ಯಕೃತ್ತನ್ನು ಅರೆದು, ಆ ದ್ರವವನ್ನು ಅಪಕೇಂದ್ರಕ ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಕೋಶದ ಘಟಕಗಳನ್ನು ಬೇರ್ಪಡಿಸುತ್ತಿದ್ದ ಅವರು ಹೋಲಿಕೆಗಾಗಿ ಮಾತ್ರ ಆಮ್ಲೀಯ ಫಾಸ್ಫಟೇಸ್ ಎಂಬ ಕಿಣ್ವವನ್ನೂ ಅಳೆಯುತ್ತಿದ್ದರು. ಮೃದುವಾಗಿ ಅರೆದ ಮಾದರಿಯಲ್ಲಿ ಅದರ ಚಟುವಟಿಕೆ ನಿರೀಕ್ಷೆಯ ಹತ್ತನೆಯ ಒಂದು ಭಾಗದಷ್ಟೇ ಇತ್ತು. ಅದೇ ಮಾದರಿಯನ್ನು ಐದು ದಿನ ರೆಫ್ರಿಜರೇಟರಿನಲ್ಲಿಟ್ಟು ಮತ್ತೆ ಅಳೆದಾಗ ಚಟುವಟಿಕೆ ಬಹುಪಾಲು ಮರಳಿತ್ತು. ಮೊದಲ ಅಳತೆಯನ್ನೇ ತಪ್ಪೆಂದು ಬದಿಗಿರಿಸದೆ, ಕಿಣ್ವವು ಪೊರೆಯ ಚೀಲವೊಂದರೊಳಗೆ ಮುಚ್ಚಿಕೊಂಡಿದ್ದು ಪೊರೆ ಶಿಥಿಲವಾದಾಗ ಹೊರಬಂದಿತೆಂದು ಅವರು ತರ್ಕಿಸಿದ್ದೇ ಈ ಇತಿಹಾಸದ ನಿಜವಾದ ಆರಂಭ.

ಇಂಥ ಹಲವು ಜೀರ್ಣಕಾರಿ ಕಿಣ್ವಗಳು ಅದೇ ಚೀಲದಲ್ಲಿವೆಯೆಂದು ತಿಳಿದ ಮೇಲೆ, 1955ರಲ್ಲಿ ಅದಕ್ಕೆ ಲೈಸೋಸೋಮ್ ಎಂಬ ಹೆಸರು ಬಂದಿತು. ಅಮೆರಿಕದ ಅಲೆಕ್ಸ್ ನೋವಿಕಾಫ್ ಅದರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನು ತೆಗೆದದ್ದೂ ಆ ವರ್ಷವೇ. ಕಣ್ಣಿಗೆ ಕಾಣುವ ಮೊದಲೇ ಲೆಕ್ಕಕ್ಕೆ ಸಿಕ್ಕಿದ ಅಂಗಕವಿದು.

ವೈದ್ಯಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ಹೆಚ್ಚು ಫಲ ನೀಡಿದ್ದು 1963ರಲ್ಲಿ ಲೂವೇನಿನಲ್ಲೇ ಆನ್ರಿ ಹೆರ್ಸ್ ಮಾಡಿದ ಶೋಧ. ಡಚ್ ವೈದ್ಯ ಪಾಂಪೆ 1932ರಲ್ಲಿ ವರ್ಣಿಸಿದ್ದ, ಶಿಶುಗಳ ಹೃದಯ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಎಂಬ ಸಂಗ್ರಹ ಸಕ್ಕರೆ ತುಂಬಿಕೊಳ್ಳುವ ರೋಗದಲ್ಲಿ, ಅದನ್ನು ಲೈಸೋಸೋಮಿನೊಳಗೆ ಒಡೆಯಬೇಕಾದ ಕಿಣ್ವವೇ ಇಲ್ಲವೆಂದು ಅವರು ತೋರಿಸಿದರು. ಒಂದೇ ಕಿಣ್ವದ ಕೊರತೆಯಿಂದ ಒಂದು ವಸ್ತು ಜೀರ್ಣವಾಗದೆ ಉಳಿದು, ಕೋಶವನ್ನೇ ಕ್ರಮೇಣ ಕೆಡಿಸುತ್ತದೆಂಬ ಈ ತತ್ತ್ವದಿಂದ ಗೋಶೆ ಮತ್ತು ಟೇ-ಸ್ಯಾಕ್ಸ್ ರೋಗಗಳೂ ಅರ್ಥವಾಗತೊಡಗಿದವು.

ಕಿಣ್ವಗಳು ಆ ಚೀಲವನ್ನು ಸೇರುವ ಬಗೆಯನ್ನು ತಿಳಿಸಿಕೊಟ್ಟದ್ದೂ ಒಂದು ರೋಗವೇ. ಐ-ಸೆಲ್ ಎಂಬ ಅಪರೂಪದ ಕಾಯಿಲೆಯಲ್ಲಿ ಕಿಣ್ವಗಳು ತಯಾರಾದರೂ ಲೈಸೋಸೋಮಿಗೆ ತಲುಪದೆ ಕೋಶದ ಹೊರಗೆ ಸೋರಿಹೋಗುತ್ತವೆ. ಎಲಿಜಬೆತ್ ನ್ಯೂಫೆಲ್ಡ್ ಮತ್ತು ಅವರ ಸಹೋದ್ಯೋಗಿ 1972ರಲ್ಲಿ ಪರೀಕ್ಷಿಸಿದಾಗ, ರೋಗಿಯ ಕೋಶಗಳು ಆರೋಗ್ಯವಂತರ ಕಿಣ್ವವನ್ನು ಒಳಗೆ ಸೆಳೆದುಕೊಂಡವು, ಆದರೆ ರೋಗಿಯ ಕಿಣ್ವವನ್ನು ಆರೋಗ್ಯವಂತ ಕೋಶಗಳು ಸೆಳೆದುಕೊಳ್ಳಲಿಲ್ಲ. ಆದ್ದರಿಂದ ಕಿಣ್ವದ ಮೇಲಿರಬೇಕಾದ ಗುರುತೇ ಕಾಣೆಯಾಗಿದೆಯೆಂಬ ಅನುಮಾನ ಬಲವಾಯಿತು. ಆ ಗುರುತು ಮ್ಯಾನೋಸ್-6-ಫಾಸ್ಫೇಟ್ ಎಂಬ ಸಕ್ಕರೆಯ ಅಣುವೆಂಬುದಕ್ಕೆ 1977ರಲ್ಲಿ ಪುರಾವೆ ದೊರೆಯಿತು. ಗಾಲ್ಗಿ ಸಂಕೀರ್ಣವೆಂಬ ಭಾಗದಲ್ಲಿ ಕಿಣ್ವಕ್ಕೆ ಈ ಗುರುತು ಅಂಟುತ್ತದೆ, ಅದನ್ನು ಹಿಡಿಯುವ ಗ್ರಾಹಕಗಳು ಕಿಣ್ವವನ್ನು ಕಿರುಚೀಲಗಳಲ್ಲಿ ಸಾಗಿಸುತ್ತವೆ, ಮುಂದಿನ ಆಮ್ಲೀಯ ವಾತಾವರಣದಲ್ಲಿ ಕಿಣ್ವ ಕಳಚಿಕೊಳ್ಳುತ್ತದೆ, ಪೊರೆಯಲ್ಲಿನ ಪಂಪುಗಳು ಹೈಡ್ರೋಜನ್ ಅಯಾನುಗಳನ್ನು ಒಳಗೆ ತಳ್ಳುವುದರಿಂದ ಆಮ್ಲೀಯತೆ ಹೆಚ್ಚಿ ಚೀಲವು ಪೂರ್ಣ ಲೈಸೋಸೋಮ್ ಆಗುತ್ತದೆ.

ಶಿಶುಗಳ ಅಪರೂಪದ ರೋಗಗಳಿಗೆ ಸೀಮಿತವೆನಿಸಿದ್ದ ಈ ತಿಳಿವು ವೃದ್ಧಾಪ್ಯದ ಕಾಯಿಲೆಗಳಿಗೂ ಸಂಬಂಧಿಸಿದ್ದೆಂದು ತಿಳಿಯಲು ಹಲವು ದಶಕಗಳೇ ಬೇಕಾದವು. ಗೋಶೆ ರೋಗಿಗಳಲ್ಲಿಯೂ, ಅವರ ಬಂಧುಗಳಲ್ಲಿಯೂ ಪಾರ್ಕಿನ್ಸನ್ ಕಾಯಿಲೆ ಹೆಚ್ಚಾಗಿರುವುದನ್ನು ವೈದ್ಯರು ಗಮನಿಸಿದ್ದರು. 2009ರಲ್ಲಿ ಪ್ರಕಟವಾದ ಬಹುಕೇಂದ್ರಗಳ ಅಧ್ಯಯನವು ಗೋಶೆ ರೋಗಕ್ಕೆ ಕಾರಣವಾದ ಜೀನಿನ ಒಂದು ದೋಷಪೂರಿತ ಪ್ರತಿ ಇರುವವರಿಗೆ ಪಾರ್ಕಿನ್ಸನ್ ಬರುವ ಸಂಭವ ಹೆಚ್ಚೆಂದು ದೃಢಪಡಿಸಿತು, ಆದರೂ ಅಂಥವರಲ್ಲಿ ಬಹುತೇಕರಿಗೆ ಆ ಕಾಯಿಲೆ ಬರುವುದೇ ಇಲ್ಲ.