ವೈರ್ ಕಿತ್ತ ಮೇಲೆ ಉಳಿದ ಎರಡು ಹಾಡು

2006ರ ಬೇಸಿಗೆ. ಕಾಗದದ ಮೇಲೆ ಆಗಿನ್ನೂ ನಮ್ಮೂರು ಗುಲ್ಬರ್ಗ. (ಕಲಬುರಗಿ ಅಂತ ಸರಕಾರ ಬದಲಿಸಿದ್ದು 2014ರಲ್ಲಿ, ನಮ್ಮ ಬಾಯಲ್ಲಿ ಮೊದಲಿಂದಲೂ ಕಲಬುರಗೀನೇ!) ನಾಲ್ಕು ಜನ ಗೆಳೆಯರದ್ದೊಂದು ರಾಕ್ ಬ್ಯಾಂಡ್ ಇತ್ತು. ಮನೇಲಿ ನುಡಿಸಿದರೆ ಓಣಿ ಮಂದಿ ಬೈತಿದ್ದರು. ಅದಕ್ಕೇ ಹುಮನಾಬಾದ್ ರಸ್ತೆಯ ಕಮಲಾಪುರಕ್ಕೆ, ಗೆಳೆಯನೊಬ್ಬನ ಕೆಂಪು ಬಾಳೆ ತೋಟಕ್ಕೆ ಹೋದೆವು. ಎರಡನೇ ಹಾಡಿಗೇ ಕರೆಂಟ್ ಹೋಯ್ತು. ಅವನ ಮುತ್ಯಾ ನಕ್ಕೋತ ಕೇಳಿದ: “ಕರೆಂಟ್ ಹೋದ್ರ ನಿಮ್ಮ ಹಾಡೂ ಹೋಗ್ತದೇನ್ ತಮ್ಮಾ?”

ಹಟಕ್ಕೆ ಬಿದ್ದು ಸಾದಾ ಗಿಟಾರ್ ಹಿಡಿದೆವು. ಡ್ರಮ್ಮರ್ ಖಾಲಿ ಕೊಡ ಬೋರಲು ಹಾಕಿಕೊಂಡ. ಇದ್ದ ಐದು ಹಾಡಲ್ಲಿ ಮೂರು ಬಿದ್ದೇಹೋದವು. ಮೂರೂ ನಾನು ಬರೆದದ್ದು.

ಕಾರಣ ಆಮೇಲೆ ತಿಳಿಯಿತು. ರಾಕ್‌ನ ಪವರ್ ಕಾರ್ಡ್‌ನಲ್ಲಿ ಇರೋದು ಎರಡೇ ಸ್ವರ, ಷಡ್ಜ ಮತ್ತು ಪಂಚಮ. ಡಿಸ್ಟಾರ್ಶನ್ ಇದ್ದರೆ ಅವೆರಡೇ ತುಂಬಿಕೊಂಡು ಕೇಳಿಸುತ್ತವೆ, ಬಹಳ ಹೊತ್ತು ನಿಲ್ಲುತ್ತವೆ. ಮರದ ಗಿಟಾರ್‌ನಲ್ಲಿ ನಾದ ಬೇಗ ಸತ್ತುಹೋಗುತ್ತದೆ, ನಡುವೆ ಬರೀ ಟೊಳ್ಳು. ಅಂದರೆ ವೈರ್ ಕಿತ್ತರೆ ಸಾಲದು, ಹಾಡನ್ನೇ ಮತ್ತೆ ಕಟ್ಟಬೇಕು.

ದೊಡ್ಡವರೂ ಹಾಗೇ ಮಾಡಿದ್ದಾರೆ. ಎಂಟಿವಿಯ ‘ಅನ್‌ಪ್ಲಗ್ಡ್’ ಶುರುವಾಗಿದ್ದು 1989ರಲ್ಲಿ. 1992ರಲ್ಲಿ ಎರಿಕ್ ಕ್ಲಾಪ್ಟನ್ ತನ್ನ ಅಬ್ಬರದ ‘ಲೈಲಾ’ವನ್ನು ಲಯ ಇಳಿಸಿ, ಕೂತು ಹಾಡಿದ. 1993ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಿರ್ವಾಣ ಬ್ಯಾಂಡ್ ತನ್ನ ಹಾಡುಗಳಿಗೆ ಚೆಲ್ಲೊ ಸೇರಿಸಿತು. ತಮಾಷೆ ಅಂದರೆ ಕರ್ಟ್ ಕೋಬೇನ್ ಪೂರ್ತಿ ವೈರ್ ಕೀಳಲೇ ಇಲ್ಲ! ಅವನ ಆಂಪ್ಲಿಫೈಯರ್ ಅನ್ನು ಮಾನಿಟರ್ ಸ್ಪೀಕರ್ ಥರ ವೇಷ ಹಾಕಿ ವೇದಿಕೆಯಲ್ಲೇ ಇಟ್ಟಿದ್ದರು. ಐದು ತಿಂಗಳಲ್ಲಿ ಅವನು ತೀರಿಕೊಂಡ. ಆ ಗಿಟಾರ್ 2020ರಲ್ಲಿ 60 ಲಕ್ಷ ಡಾಲರ್‌ಗೆ ಹರಾಜಾಯಿತು. ಅವನಿಗೇ ಅಷ್ಟು ಅಂಜಿಕೆ ಇದ್ದಮೇಲೆ ನಮ್ಮದೇನು ಬಿಡಿ...

ನಮ್ಮ ಕನ್ನಡದಲ್ಲಿ ಇದು ತಿರುವುಮುರುವು. ಶಿಶುನಾಳ ಶರೀಫರ (1819-1889) ಪದಗಳು ಹುಟ್ಟಿದ್ದೇ ಕರೆಂಟಿಲ್ಲದೆ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್‌ನಲ್ಲಿ ಅಂಥ ಎರಡು ಪದಗಳನ್ನು ಬ್ಯಾಂಡಿಗೆ ತಂದರು. ಅಲ್ಲಿಗೆ ವೈರ್ ಬಂದದ್ದು ಆಮೇಲೆ. ಹಾಗಾಗಿ ಅದನ್ನು ಕಿತ್ತರೂ ಶರೀಫರ ಪದಕ್ಕೆ ಏನೂ ಆಗೋದಿಲ್ಲ. ನನ್ನ ಹಾಡುಗಳು ಹಾಗಿರಲಿಲ್ಲ. ಸಾಹಿತ್ಯ ಕೇಳಿಸದಿರಲಿ ಅಂತಲೇ ನಾನು ಸದ್ದು ಜಾಸ್ತಿ ಇಡುತ್ತಿದ್ದೆ ಅನ್ನೋದು ಆ ತೋಟದಲ್ಲೇ ಗೊತ್ತಾಗಿದ್ದು.

ಆ ರಾತ್ರಿ ಕರೆಂಟ್ ಬರಲೇ ಇಲ್ಲ. ಮುತ್ಯಾ ಏಕತಾರಿ ತಂದು ನಮ್ಮ ಜಿಲ್ಲೆಯವರೇ ಆದ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡಿದ. ಒಂದೇ ತಂತಿ. ನಮ್ಮ ಡ್ರಮ್ಮರ್ ಮೆಲ್ಲಗೆ ಕೊಡ ತಟ್ಟುತ್ತಿದ್ದ. ನಾನು ಗಿಟಾರ್ ಮುಟ್ಟಲಿಲ್ಲ, ಸುಮ್ಮನೆ ಕೇಳಿದೆ.

ಬ್ಯಾಂಡ್ ಮುಂದಿನ ವರ್ಷವೇ ಚದುರಿತು. ಉಳಿದ ಆ ಎರಡು ಹಾಡನ್ನು ಈಗಲೂ ಹಾಡುತ್ತೇನೆ, ಸಾದಾ ಗಿಟಾರ್‌ನಲ್ಲಿ. ಬಿದ್ದ ಮೂರರಲ್ಲಿ ಒಂದನ್ನು ಮತ್ತೆ ಬರೆಯಲು ಕೂತಿದ್ದೇನೆ. ಪಲ್ಲವಿ ಇನ್ನೂ ಸರಿ ಬಂದಿಲ್ಲ.

ನಿಮ್ಮಲ್ಲಿ ಹಾಡು ಕಟ್ಟುವವರಿದ್ದರೆ ಒಮ್ಮೆ ವೈರ್ ಕಿತ್ತು ನೋಡಿ. ಏನಾಯ್ತು ಅಂತ ನನಗೂ ಹೇಳಿ :)