ಅಜಯ್ ಕುಮಾರ್ ಸೂದ್

ಅಜಯ್ ಕುಮಾರ್ ಸೂದ್ (ಜನನ: 26 ಜೂನ್ 1951, ಗ್ವಾಲಿಯರ್) ಭಾರತದ ಭೌತವಿಜ್ಞಾನಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದವರು. ಇಂಗಾಲದ ನ್ಯಾನೋನಳಿಕೆ ಮತ್ತು ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್ ಕುರಿತ ಪ್ರಯೋಗಗಳಿಂದ ಹೆಸರಾದರು. ಚಾಲನೆಯಲ್ಲಿರುವ ಎಲೆಕ್ಟ್ರಾನಿಕ್ ಸಾಧನದೊಳಗಿನ ಸ್ಥಿತಿಯನ್ನು ಬೆಳಕಿನ ಚದುರುವಿಕೆಯಿಂದ ತಿಳಿಯುವುದರಲ್ಲಿ ಅವರ ಕೊಡುಗೆ ದೊಡ್ಡದು.

ಶಿಕ್ಷಣ ಮತ್ತು ವೃತ್ತಿ

ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, 1973ರಲ್ಲಿ ಕಲ್ಪಾಕ್ಕಂನ ಪರಮಾಣು ಸಂಶೋಧನಾ ಕೇಂದ್ರ ಸೇರಿದರು. 1982ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಡಾಕ್ಟರೇಟ್ ಪಡೆದರು. ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿ ಹಿಂದಿರುಗಿದ ಮೇಲೆ, 1988ರಲ್ಲಿ ಬೆಂಗಳೂರಿನ ಸಂಸ್ಥೆಯ ಬೋಧಕವರ್ಗ ಸೇರಿದರು. ಸಿ. ವಿ. ರಾಮನ್ 1933ರಲ್ಲಿ ನಿರ್ದೇಶಕರಾಗಿ ಬಂದ ಸಂಸ್ಥೆಯಿದು. ವಸ್ತುವಿನಿಂದ ಚದುರಿದ ಬೆಳಕಿನ ಆವೃತ್ತಿ ಬದಲಾಗುವ ರಾಮನ್ ಪರಿಣಾಮವೇ ಸೂದ್ ಅವರ ಪ್ರಯೋಗಗಳ ಮುಖ್ಯ ಸಾಧನವಾಯಿತು.

ನ್ಯಾನೋನಳಿಕೆ

ಎಸ್. ಘೋಷ್ ಹಾಗೂ ಎನ್. ಕುಮಾರ್ ಅವರೊಡನೆ ಸೂದ್ ನಡೆಸಿದ ಪ್ರಯೋಗ 2003ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದೇ ಪದರದ ನಳಿಕೆಗಳ ಕಂತೆಯ ಮೇಲೆ ದ್ರವ ಹರಿದಾಗ, ಹರಿವಿನ ದಿಕ್ಕಿನಲ್ಲಿ ವೋಲ್ಟೇಜ್ ಹುಟ್ಟುವುದನ್ನು ಅವರು ತೋರಿಸಿದರು. ಈ ವೋಲ್ಟೇಜ್ ವೇಗಕ್ಕೆ ನೇರ ಅನುಪಾತದಲ್ಲಿ ಏರದೆ, ವೇಗದ ಲಾಗರಿದಮ್‌ಗೆ ಅನುಗುಣವಾಗಿ ಏರುತ್ತದೆ. ದ್ರವದಲ್ಲಿನ ಅಯಾನುಗಳ ಏರಿಳಿಯುವ ವಿದ್ಯುತ್ ಕ್ಷೇತ್ರ ನಳಿಕೆಯ ಎಲೆಕ್ಟ್ರಾನ್‌ಗಳನ್ನು ಎಳೆದೊಯ್ಯುತ್ತದೆ ಎಂಬುದು ಅವರ ವಿವರಣೆ. ಅತಿ ನಿಧಾನದ ಹರಿವನ್ನೂ ಗುರುತಿಸಬಲ್ಲ ಸಂವೇದಕಕ್ಕೆ ಇದು ದಾರಿ ತೆರೆಯಿತು. ಮರುವರ್ಷ, ಅನಿಲ ಹರಿದರೂ ನ್ಯಾನೋನಳಿಕೆ ಮತ್ತು ಅರೆವಾಹಕಗಳಲ್ಲಿ ವೋಲ್ಟೇಜ್ ಹುಟ್ಟುತ್ತದೆಂದು ಸೂದ್ ಮತ್ತು ಘೋಷ್ ವರದಿ ಮಾಡಿದರು.

ಗ್ರಾಫೀನ್ ಟ್ರಾನ್ಸಿಸ್ಟರ್

ಟ್ರಾನ್ಸಿಸ್ಟರ್‌ನ ನಡತೆಯನ್ನು ನಿರ್ಧರಿಸುವುದು ಅದರಲ್ಲಿರುವ ವಿದ್ಯುದಾವೇಶದ ವಾಹಕಗಳ ಸಂಖ್ಯೆ. ಅದನ್ನು ಹೆಚ್ಚು ಕಡಿಮೆ ಮಾಡಲು ಸೂದ್ ತಂಡ ಗ್ರಾಫೀನ್ ಹಾಳೆಯ ಮೇಲೆ ಅಯಾನುಗಳುಳ್ಳ ಪಾಲಿಮರ್ ಲೇಪಿಸಿತು. ವಾಹಕಗಳ ಸಂಖ್ಯೆಯನ್ನು ನಿಯಂತ್ರಿಸುವ ವಿದ್ಯುದ್ವಾರವಾದ ಗೇಟ್‌ಗೆ ವೋಲ್ಟೇಜ್ ಕೊಟ್ಟಾಗ ಅಯಾನುಗಳು ಹಾಳೆಯಿಂದ ಕೆಲವೇ ನ್ಯಾನೋಮೀಟರ್ ದೂರದಲ್ಲಿ ಪದರಗಟ್ಟುತ್ತವೆ. ಹಾಗಾಗಿ ಕಡಿಮೆ ವೋಲ್ಟೇಜ್‌ನಲ್ಲೇ ಅಪಾರ ಸಂಖ್ಯೆಯ ವಾಹಕಗಳನ್ನು ತುಂಬಬಹುದು. ಅದೇ ಹೊತ್ತಿಗೆ ಲೇಸರ್ ಹಾಯಿಸಿ ರಾಮನ್ ರೋಹಿತ ದಾಖಲಿಸಿದರು. ಎಲೆಕ್ಟ್ರಾನ್ ತುಂಬಿದರೂ ರಂಧ್ರ (ಎಲೆಕ್ಟ್ರಾನ್ ಇಲ್ಲದ, ಧನ ವಾಹಕದಂತೆ ವರ್ತಿಸುವ ಸ್ಥಾನ) ತುಂಬಿದರೂ ರೋಹಿತದ ಎರಡು ಮುಖ್ಯ ಶೃಂಗಗಳಲ್ಲಿ ಒಂದಾದ ಜಿ ಶೃಂಗದ ಆವೃತ್ತಿ ಏರುತ್ತದೆ. ಇನ್ನೊಂದಾದ 2ಡಿ ಶೃಂಗ ಹಾಗಲ್ಲ: ರಂಧ್ರಗಳು ಹೆಚ್ಚಿದಂತೆ ಏರಿ, ಎಲೆಕ್ಟ್ರಾನ್‌ಗಳು ತೀರಾ ಹೆಚ್ಚಾದಾಗ ಇಳಿಯುತ್ತದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ವಾಹಕ ಯಾವುದು, ಎಷ್ಟಿದೆ ಎಂಬುದು ಸಾಧನವನ್ನು ಮುಟ್ಟದೆಯೇ ತಿಳಿಯುತ್ತದೆ. ಈ ಫಲಿತಾಂಶ 2008ರಲ್ಲಿ 'ನೇಚರ್ ನ್ಯಾನೋಟೆಕ್ನಾಲಜಿ'ಯಲ್ಲಿ ಪ್ರಕಟವಾಯಿತು. ಬೆಂಗಳೂರಿನ ಎಚ್. ಆರ್. ಕೃಷ್ಣಮೂರ್ತಿ, ಉಮೇಶ್ ವಾಘ್ಮಾರೆ ಅವರ ಜೊತೆಗೆ, 2010ರಲ್ಲಿ ನೊಬೆಲ್ ಪಡೆದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಕೂಡ ಸಹಲೇಖಕರು. ಗ್ರಾಫೀನ್‌ನಲ್ಲಿ ವಾಹಕಗಳ ಪ್ರಮಾಣ ಅಂದಾಜಿಸುವವರಿಗೆ ಇದು ಆಧಾರ ಲೇಖನವಾಗಿದೆ.

ಗೌರವಗಳು

ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ (1990) ಮತ್ತು ಪದ್ಮಶ್ರೀ (2013) ಅವರಿಗೆ ಸಂದಿವೆ. 2015ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. 2022ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಾಗಿ ಅಧಿಕಾರ ವಹಿಸಿಕೊಂಡರು.